ವಿಷಯ: ‘ಸ್ಯಾಚುರೇಟೆಡ್’ ಬಣ್ಣಕ್ಕೆ ಕನ್ನಡದಲ್ಲಿ ಏನನ್ನೋಣ? ನಾಳೆ ಮಧ್ಯಾಹ್ನದೊಳಗೆ ಬೇಕು

ತೀರ್ಥಹಳ್ಳಿಯವಳು:

ಎಲ್ಲರಿಗೂ ನಮಸ್ಕಾರ.

ನಮ್ಮ ಚಿಕ್ಕಪ್ಪ 1993ರಿಂದ 2005ರ ತನಕ ತೆಗೆದ ಸ್ಲೈಡುಗಳನ್ನು (ಬೆಳಕಿಗೆ ಹಿಡಿದು ನೋಡುವ ಫಿಲ್ಮ್ ಚಿತ್ರಗಳು) ಸ್ಕ್ಯಾನ್ ಮಾಡಿಸಿ ಊರಿನಲ್ಲಿ ಒಂದು ಸಣ್ಣ ಪ್ರದರ್ಶನ ಇಡುತ್ತಿದ್ದೇವೆ. ಆಗುಂಬೆ, ಜೋಗ, ಕವಲೇದುರ್ಗ, ಸ್ವಲ್ಪ ಹಂಪಿ. ಬರಹ ನಾಳೆ ಮಧ್ಯಾಹ್ನ ಫ್ಲೆಕ್ಸ್ ಅಂಗಡಿಗೆ ಹೋಗಬೇಕು. ಎಲ್ಲ ಮುಗಿದಿದೆ, ಒಂದು ವಾಕ್ಯ ಮಾತ್ರ ಮೊಂಡು ಹಿಡಿದು ಕೂತಿದೆ:

“ಇವೆಲ್ಲ ಫ್ಯೂಜಿಯವರ ವೆಲ್ವಿಯಾ ಎಂಬ ______ ಬಣ್ಣದ ಸ್ಲೈಡ್ ಫಿಲ್ಮಿನಲ್ಲಿ ತೆಗೆದವು.”

ಬಿಟ್ಟ ಜಾಗಕ್ಕೆ ‘ಸ್ಯಾಚುರೇಟೆಡ್’ ಅನ್ನುವ ಅರ್ಥ ಬರಬೇಕು. ಹೈಸ್ಕೂಲಿನಲ್ಲಿ ಉಪ್ಪಿನ ದ್ರಾವಣಕ್ಕೆ ‘ಪರ್ಯಾಪ್ತ’ ಅಂತ ಓದಿದ್ದೆ. ‘ಸಂತೃಪ್ತ’ ಅಂತಲೂ ಕೇಳಿದ್ದೇನೆ. ಆದರೆ ‘ಸಂತೃಪ್ತ ಬಣ್ಣ’ ಅಂದರೆ ಹೋಳಿಗೆ ಊಟ ಮುಗಿಸಿ ಎಲೆಅಡಿಕೆ ಹಾಕಿಕೊಂಡು ಕೂತ ಬಣ್ಣ ಅನ್ನಿಸುತ್ತೆ. ದಯವಿಟ್ಟು ಬೇಗ ಹೇಳಿ.

ಹಳಗನ್ನಡಿಗ:

ಕಡುಬಣ್ಣ. ಇದಕ್ಕೆ ಚರ್ಚೆಯೇ ಬೇಡ. ಕಡುಗೆಂಪು, ಕಡುನೀಲಿ ಅನ್ನುವುದಿಲ್ಲವೇ? ಸರಿಯಾಗಿ ಸಂಧಿ ಮಾಡಿದರೆ ‘ಕಡುವಣ್ಣ’ ಆಗಬೇಕು, ಈಗಿನವರಿಗೆ ಅದು ಜೀರ್ಣವಾಗದು. ಅದಿರಲಿ, ‘ಸ್ಲೈಡ್ ಫಿಲ್ಮ್’ ಯಾಕೆ ಹಾಗೇ ಉಳಿಸಿಕೊಂಡಿದ್ದೀರಿ? ‘ತೋರುಸುರುಳಿ’ ಅನ್ನಿ.

ಧಾರವಾಡಿ:

> ತೋರುಸುರುಳಿ

ಅಲ್ರೀ, ಇದು ಸೊಳ್ಳೆಬತ್ತಿ ಹೆಸರಿನ ಹಂಗ ಅದ. ನಮ್ಮ ಕಡೆ ಟಾಕೀಸಿನಲ್ಲಿ ಪಿಚ್ಚರ್ ಶುರುವಾಗೋ ಮೊದಲು ಬಟ್ಟೆ ಅಂಗಡಿಯವರು ‘ಸ್ಲೈಡ್ ಹಾಕಿಸ್ತಿದ್ರು’. ಹಳ್ಳಿಯ ಅಜ್ಜಿಗೂ ಸ್ಲೈಡ್ ಅಂದರೆ ಗೊತ್ತಿತ್ತು. ಅದನ್ನು ಮುಟ್ಟಬೇಡಿ.

ಕತ್ತಲೆಕೋಣೆ:

‘ಕಡು’ ಖಂಡಿತ ಬೇಡ. ಹನ್ನೊಂದು ವರ್ಷ ಈ ಫಿಲ್ಮನ್ನೇ ಕ್ಯಾಮೆರಾಕ್ಕೆ ಹಾಕಿದ್ದೇನೆ, ಅದಕ್ಕೇ ಸ್ವಲ್ಪ ಜಾಸ್ತಿ ಬರೆಯುತ್ತೇನೆ, ಕ್ಷಮಿಸಿ.

ಒಂದು ಬಣ್ಣಕ್ಕೆ ಕಪ್ಪು ಬೆರೆಸಿದರೆ ಕಡು. ಬಿಳಿ ಬೆರೆಸಿದರೆ ತಿಳಿ. ಬೂದಿಯ ಬಣ್ಣ ಬೆರೆಸಿದರೆ ಮಾಸಲು. ಏನನ್ನೂ ಬೆರೆಸದೆ ಬಿಟ್ಟರೆ? ಮೇಡಂ ಕೇಳುತ್ತಿರುವುದು ಆ ಪದವನ್ನು. ಕಡುಹಸಿರು ಅಂದರೆ ನನಗೆ ಹಲಸಿನ ಎಲೆ ಕಾಣುತ್ತೆ. ವೆಲ್ವಿಯಾದ ಹಸಿರು ಹಲಸಿನ ಎಲೆ ಅಲ್ಲ, ನಾಟಿಗೆ ಮುಂಚಿನ ಸಸಿಮಡಿ. ಕಣ್ಣು ಚುಚ್ಚುತ್ತೆ.

ಈ ಫಿಲ್ಮ್ 1990ರಲ್ಲಿ ಬಂತು. ವೆಲ್ವೆಟ್, ಮೀಡಿಯಾ ಎರಡೂ ಸೇರಿ ಆದ ಹೆಸರು. ನನ್ನ ಮೊದಲ ರೋಲಿನಲ್ಲಿ ಆಗುಂಬೆ ಘಾಟಿಯ ಒಂದು ತಿರುವು ಇತ್ತು. ಮಳೆ ನಿಂತು ಹತ್ತು ನಿಮಿಷ ಆಗಿತ್ತು. ರಸ್ತೆ ಅಂಚಿನ ಜಂಬಿಟ್ಟಿಗೆ ಕಲ್ಲು ಹಸಿ ಮಾಂಸದ ಹಾಗೆ ಕೆಂಪಗೆ ಬಂದಿತ್ತು. ಮನೆಯಲ್ಲಿ ತೋರಿಸಿದರೆ ನಮ್ಮಮ್ಮ, ‘ಇದಕ್ಕೆ ಕೈಯಲ್ಲಿ ಬಣ್ಣ ಹಚ್ಚಿದೀಯಾ?’ ಅಂದರು. ಅದೇ ರೋಲಿನಲ್ಲಿ ನಮ್ಮ ಅಕ್ಕನ ಮದುವೆಯ ಅರಿಸಿನ ಶಾಸ್ತ್ರವೂ ಇತ್ತು. ಅಕ್ಕನ ಕೆನ್ನೆ ಟೊಮೇಟೊ. ಇವತ್ತಿಗೂ ಆ ಸ್ಲೈಡನ್ನು ಹೊರಗೆ ತೆಗೆಯಲು ಬಿಡುವುದಿಲ್ಲ. ಮನುಷ್ಯರ ಮುಖಕ್ಕೆ ಇದು ಅಲ್ಲವೇ ಅಲ್ಲ.

ಇನ್ನು ಬೆಳಕಿನ ಲೆಕ್ಕ. ನೆಗೆಟಿವ್‌ನಲ್ಲಿ ಒಂದು ಸ್ಟಾಪ್ (ಅಂದರೆ ಬೆಳಕು ಇಮ್ಮಡಿ ಅಥವಾ ಅರ್ಧ) ಹೆಚ್ಚುಕಡಿಮೆ ಆದರೆ ಪ್ರಿಂಟ್ ಹಾಕುವವನು ಕಾಪಾಡುತ್ತಾನೆ. ಇಲ್ಲಿ ಕಾಪಾಡುವವರಿಲ್ಲ. ಕ್ಯಾಮೆರಾದಲ್ಲಿ ಓಡಿದ ಫಿಲ್ಮೇ ಕೊನೆಯ ಚಿತ್ರ. ಅರ್ಧ ಸ್ಟಾಪ್ ಹೆಚ್ಚಾದರೆ ಬಿಳಿ ಮೋಡದ ಜಾಗದಲ್ಲಿ ಏನೂ ಇರಲ್ಲ, ಬರೀ ಗಾಜು. ಕಡಿಮೆಯಾದರೆ ನೆರಳಿನಲ್ಲಿದ್ದ ಆನೆ ಒಂದು ಕರಿ ಗುಡ್ಡೆ. ಫಿಲ್ಮಿನ ವೇಗ ಡಬ್ಬಿಯ ಮೇಲೆ 50 ಅಂತ ಇದ್ದರೂ ನಮ್ಮಲ್ಲಿ ತುಂಬ ಜನ ತುಸು ಹೆಚ್ಚು ಬೆಳಕು ಸಿಗಲಿ ಅಂತ ಬೆಳಕಿನ ಮೀಟರನ್ನು 40ಕ್ಕೆ ಇಡುತ್ತಿದ್ದೆವು. ಮೇಡಂ, ನಿಮ್ಮ ಚಿಕ್ಕಪ್ಪನವರ ನೋಟುಬುಕ್ ಇದ್ದರೆ ನೋಡಿ, ಆ 40 ಸಿಕ್ಕೀತು.

ಮುಂಜಾವಿನ ಜಲಪಾತ ಇನ್ನೊಂದು ತಲೆನೋವು. ಶಟರನ್ನು ನಾಲ್ಕು ಸೆಕೆಂಡ್, ಎಂಟು ಸೆಕೆಂಡ್ ತೆರೆದಿಟ್ಟರೆ ಇಡೀ ಚಿತ್ರ ಹಸಿರಿನ ಕಡೆ ವಾಲುತ್ತೆ. ಮೆಜೆಂಟಾ (ನೇರಳೆಗೆಂಪು) ಫಿಲ್ಟರ್ ಹಾಕಿ ಎಳೆದು ತರಬೇಕು. 64 ಸೆಕೆಂಡ್ ಬೇಡವೇ ಬೇಡ ಅಂತ ಕಂಪನಿಯೇ ಬರೆದಿತ್ತು. ಜೋಗದಲ್ಲಿ ನಾನು ಆ ಮಾತು ಕೇಳಲಿಲ್ಲ. ರಾಜ, ರೋರರ್, ರಾಕೆಟ್, ರಾಣಿ ನಾಲ್ಕೂ ಪಾಚಿ ಕಟ್ಟಿದ ಹಾಗೆ ಬಂದವು.

ಇಷ್ಟೆಲ್ಲ ಯಾಕೆ ಹೇಳಿದೆ ಅಂದರೆ, ಈ ಬಣ್ಣ ಹುಟ್ಟುವ ಬಗೆಯೂ ಪದಕ್ಕೆ ಸಂಬಂಧಪಟ್ಟದ್ದೇ. ಫಿಲ್ಮಿನಲ್ಲಿ ಮುಖ್ಯವಾಗಿ ಮೂರು ಪದರ, ಕೆಂಪು, ಹಸಿರು, ನೀಲಿ ಬೆಳಕಿಗೆ ಒಂದೊಂದು. ದ್ರಾವಣದಲ್ಲಿ ತೊಳೆಯುವಾಗ ಒಂದು ಪದರದ ಚಿತ್ರ ತಾನು ಮೂಡುತ್ತಾ ಪಕ್ಕದ ಪದರವನ್ನು ಅದುಮುತ್ತೆ. ಹಾಗಾಗಿ ಹಸಿರಿನೊಳಗೆ ಬೇರೆ ಬಣ್ಣದ ಬೆರಕೆ ಕಡಿಮೆಯಾಗುತ್ತೆ. ಅಂದರೆ ಬಣ್ಣ ಸುರಿದದ್ದಲ್ಲ, ಬೆರಕೆ ತೆಗೆದದ್ದು. ಭಾಷೆ ಬಲ್ಲವರು ಇದಕ್ಕೊಂದು ಪದ ಕೊಡಿ. ನನಗೆ ಗೊತ್ತಿರುವುದು ‘ಪಂಚ್ ಇರೋ ಕಲರ್’ ಅಷ್ಟೇ. ಲ್ಯಾಬಿನಲ್ಲಿ ಎಲ್ಲರೂ ಹಾಗೇ ಅನ್ನುತ್ತಿದ್ದರು.

ಕರಡುತಿದ್ದುವವ:

ಹಾಗಾದರೆ ಪದ ಕಣ್ಣೆದುರೇ ಇದೆ. ಅಚ್ಚಬಣ್ಣ. ಅಚ್ಚ ಬಿಳಿ, ಅಚ್ಚ ಕೆಂಪು ಅನ್ನುತ್ತೇವೆ. ಬೆರಕೆ ಇಲ್ಲದ್ದು ಅಂತಲೇ ಅರ್ಥ.

ಹಚ್ಚಹಸಿರಿನ ‘ಹಚ್ಚ’ ಬೇರೆ, ದಯವಿಟ್ಟು ಎರಡನ್ನೂ ಕಲಸಬೇಡಿ. ಅದು ‘ಪಚ್ಚೆ’, ‘ಪಸಿರ್’ಗಳ ಮನೆಯದ್ದು, ‘ಪ’ ಹೋಗಿ ‘ಹ’ ಆದದ್ದು. ಅದಕ್ಕೇ ಹಸಿರಿಗೆ ಮಾತ್ರ ಹತ್ತುತ್ತೆ. ‘ಹಚ್ಚ ಕೆಂಪು’ ಅಂದವರನ್ನು ನಾನು ಕಂಡಿಲ್ಲ.

ಹಳಗನ್ನಡಿಗ:

‘ಅಚ್ಚ’ ಒಪ್ಪಬಹುದು. ಕೊನೆಗೂ ಒಂದು ಅಚ್ಚಗನ್ನಡ ಪದ. ಹಾಗಿದ್ದ ಮೇಲೆ ಪಕ್ಕದಲ್ಲೇ ಸ್ಲೈಡು, ಫಿಲ್ಮು ಅಂತ ಕಸ ಯಾಕೆ? 1935ರಲ್ಲಿ ಕೊಡಾಕ್ರೋಮ್ ಬಂತು. ಅದು ಕೊಡಾಕ್ ಕಂಪನಿಯ ಬಣ್ಣದ ಫಿಲ್ಮು. ಅವತ್ತಿನಿಂದ ಇವತ್ತಿನವರೆಗೆ ಇದಕ್ಕೊಂದು ಕನ್ನಡದ ಹೆಸರಿಡಲು ನಮಗೆ ಪುರುಸೊತ್ತಾಗಲಿಲ್ಲ. ಎರವಲಿನ ಚಟ ಇದು.

ಕರಡುತಿದ್ದುವವ:

> ಕೊನೆಗೂ ಒಂದು ಅಚ್ಚಗನ್ನಡ ಪದ

ರಾಯರೇ, ನಗು ಬರುತ್ತೆ. ಸಂಸ್ಕೃತದಲ್ಲಿ ‘ಅಚ್ಛ’ ಇದೆ. ತಿಳಿಯಾದದ್ದು, ಆಚೆಯದು ಕಾಣುವಂಥದ್ದು ಅಂತ ಅರ್ಥ. ನಮ್ಮ ‘ಅಚ್ಚ’ ಅದರ ತದ್ಭವ. ‘ಬಣ್ಣ’ ‘ವರ್ಣ’ದ ತದ್ಭವ. ಅಂದರೆ ‘ಅಚ್ಚಬಣ್ಣ’ದಲ್ಲಿ ಎರಡೂ ಎರವಲು. ನೀವು ಎದೆಗೆ ಅಂಟಿಸಿಕೊಂಡಿರುವ ‘ಅಚ್ಚಗನ್ನಡ’ದಲ್ಲಿ ಮೊದಲರ್ಧವೂ ಹಾಗೇ.

ನನಗಂತೂ ಇದರಿಂದ ಖುಷಿಯೇ. ಸ್ಲೈಡ್ ಅಂದರೆ ಬೆಳಕಿಗೆ ಹಿಡಿದು ನೋಡುವ ಚಿತ್ರ. ಬೆಳಕು ಹಾಯುವುದೂ ‘ಅಚ್ಚ’, ಬೆರಕೆಯಿಲ್ಲದ ಬಣ್ಣವೂ ‘ಅಚ್ಚ’. ಒಂದೇ ಪದ ಎರಡು ಕೆಲಸ ಮಾಡುತ್ತಿದೆ.

ಹಳಗನ್ನಡಿಗ:

ಎಲ್ಲವನ್ನೂ ಸಂಸ್ಕೃತಕ್ಕೆ ಒಯ್ದು ಕಟ್ಟುವುದು ನಿಮ್ಮ ಹಳೆಯ ಕಾಯಿಲೆ. ಎರಡು ಪದ ಒಂದೇ ಥರ ಕೇಳಿಸಿದ ಮಾತ್ರಕ್ಕೆ ನೆಂಟಸ್ತಿಕೆ ಆಗದು. ಅಚ್ಚಗನ್ನಡದಲ್ಲೇ ಕಾವ್ಯ ಬರೆದ ಹಳಗನ್ನಡ ಕವಿ ಆಂಡಯ್ಯನ ಎದುರು ಈ ಮಾತು ಆಡಿದ್ದರೆ ಗೊತ್ತಾಗುತ್ತಿತ್ತು.

ಕರಡುತಿದ್ದುವವ:

ಆಂಡಯ್ಯ ಬಿಟ್ಟದ್ದು ತತ್ಸಮಗಳನ್ನು. ತದ್ಭವಗಳನ್ನು ಧಾರಾಳವಾಗಿ ಬಳಸಿದ್ದಾನೆ. ಓದಿ ಬನ್ನಿ.

ಧಾರವಾಡಿ:

ಇಬ್ಬರೂ ಒಂದು ಗ್ಲಾಸ್ ಮಜ್ಜಿಗೆ ಕುಡೀರಿ. ನಾನು ಸುಮ್ನೆ ಒಂದು ಪ್ರಶ್ನೆ ಕೇಳ್ತೀನಿ. ಕಡು+ಬಣ್ಣ ಕಡುವಣ್ಣ ಆಗುವುದಾದರೆ, ಅಚ್ಚ+ಬಣ್ಣ ‘ಅಚ್ಚವಣ್ಣ’ ಆಗಬೇಕಲ್ಲ? ಫಲಕ ಓದಿದವರು ‘ಈ ಅಚ್ಚವಣ್ಣ ಯಾರು, ಫೋಟೋ ತೆಗೆದವರ ಅಣ್ಣನಾ?’ ಅಂತ ಕೇಳ್ತಾರೆ.

ನನ್ನ ಮತ ‘ರಂಗು’. ‘ಕಡಕ್ ರಂಗಿನ ಫಿಲ್ಮ್’. ಚಹಾಕ್ಕೂ ಹತ್ತುತ್ತೆ, ಬಣ್ಣಕ್ಕೂ ಹತ್ತುತ್ತೆ.

ಹಳಗನ್ನಡಿಗ:

ಫಾರಸಿಯೊಂದು ಬಾಕಿ ಇತ್ತು. ಬಂತು.

ಕತ್ತಲೆಕೋಣೆ:

> 1935ರಲ್ಲಿ ಕೊಡಾಕ್ರೋಮ್ ಬಂತು

ಕೊಡಾಕ್ರೋಮನ್ನು ಇದಕ್ಕೆ ಸೇರಿಸಬೇಡಿ ಸರ್. ಅದರ ಫಿಲ್ಮಿನೊಳಗೆ ಬಣ್ಣ ಕಟ್ಟುವ ವಸ್ತು ಇರುತ್ತಲೇ ಇರಲಿಲ್ಲ, ತೊಳೆಯುವಾಗ ಹೊರಗಿನಿಂದ ಕೊಡಬೇಕಿತ್ತು. ಅದಕ್ಕೇ ಎಲ್ಲ ಕಡೆ ತೊಳೆಯಲು ಆಗುತ್ತಿರಲಿಲ್ಲ. ಕೊನೆಗೆ ಉಳಿದದ್ದು ಅಮೆರಿಕದ ಕಾನ್ಸಾಸ್‌ನ ಪಾರ್ಸನ್ಸ್ ಊರಿನ ಒಂದೇ ಲ್ಯಾಬ್. ಅವರು 2010ರ ಡಿಸೆಂಬರ್ 30ರವರೆಗೆ ಬಂದ ರೋಲುಗಳನ್ನು ತೆಗೆದುಕೊಂಡು ಬಾಗಿಲು ಹಾಕಿದರು. ವೆಲ್ವಿಯಾದಲ್ಲಿ ಆ ವಸ್ತು ಫಿಲ್ಮಿನಲ್ಲೇ ಇರುತ್ತೆ. 38 ಡಿಗ್ರಿಯ ದ್ರಾವಣ ಕೆಡದ ಹಾಗೆ ನೋಡಿಕೊಂಡರೆ ಯಾವ ಊರಿನಲ್ಲೂ ತೊಳೆಯಬಹುದು.

ತೊಳೆಯುವವರಿಗೆ ಗಮನ ಇರಬೇಕು, ಅಷ್ಟೇ. ಒಂದು ಲ್ಯಾಬಿನಲ್ಲಿ ನನ್ನ ಕೊಡಚಾದ್ರಿಯ ರೋಲನ್ನು ನೆಗೆಟಿವ್‌ಗಳ ಜೊತೆ ಅದೇ ದ್ರಾವಣಕ್ಕೆ ಹಾಕಿಬಿಟ್ಟರು. ಡಬ್ಬಿಯ ಮೇಲೆ ‘ಸ್ಲೈಡ್’ ಅಂತ ಕೆಂಪು ಪೆನ್ನಿನಲ್ಲಿ ಬರೆದುಕೊಟ್ಟಿದ್ದೆ. 36 ಚಿತ್ರ. ಎಲ್ಲ ನೆಗೆಟಿವ್ ಆಗಿ ಬಂತು, ಬಣ್ಣ ದಾರಿ ತಪ್ಪಿತ್ತು. ಹಳಗನ್ನಡಿಗರು ಹೇಳಿದಂತೆ ಅವತ್ತು ‘ತೋರುಸುರುಳಿ’ ಅಂತ ಬರೆದುಕೊಟ್ಟಿದ್ದರೆ ಆ ಹುಡುಗ ಡಬ್ಬಿಯನ್ನು ತೆರೆಯುತ್ತಲೇ ಇರಲಿಲ್ಲವೇನೋ. ಒಳ್ಳೆಯದೇ ಆಗುತ್ತಿತ್ತು.

ಹಳಗನ್ನಡಿಗ:

ಸತ್ತ ವಸ್ತುವಿಗೆ ನಾಮಕರಣ ಮಾಡಲು ಇಷ್ಟು ಜನ ಕೂತಿದ್ದೇವೆ. ನಾನು ಇಷ್ಟಕ್ಕೇ ನಿಲ್ಲಿಸುತ್ತೇನೆ.

ಕತ್ತಲೆಕೋಣೆ:

ಸತ್ತಿಲ್ಲ ಸರ್. ವೆಲ್ವಿಯಾ 50 ನಿಂತುಹೋಗಿತ್ತು, ಜನ ಬಿಡದೆ ಕೇಳಿದ್ದಕ್ಕೆ 2007ರಲ್ಲಿ ಮತ್ತೆ ತಂದರು. ಕೊಡಾಕ್‌ನವರು 2012ರಲ್ಲಿ ನಿಲ್ಲಿಸಿದ ಎಕ್ಟಾಕ್ರೋಮ್ ಎಂಬ ಸ್ಲೈಡ್ ಫಿಲ್ಮನ್ನು 2018ರಲ್ಲಿ ಮತ್ತೆ ಮಾರಿದರು. ಬೆಲೆ ಕೇಳಿದರೆ ನಾವು ಸಾಯುತ್ತೇವೆ, ಅದು ಬೇರೆ ಮಾತು.

ತೀರ್ಥಹಳ್ಳಿಯವಳು:

ಎಲ್ಲರಿಗೂ ಥ್ಯಾಂಕ್ಸ್. ಬೆಳಿಗ್ಗೆ ಚಿಕ್ಕಪ್ಪನ ನೋಟುಬುಕ್ ಹುಡುಕಿದೆ. ಪುಟಪುಟದಲ್ಲೂ ಮೂಲೆಯಲ್ಲಿ 40 ಅಂತ ಬರೆದು ಸುತ್ತ ಗೆರೆ ಎಳೆದಿದ್ದಾರೆ. ಇಷ್ಟು ದಿನ ಅದು ಏನೆಂದೇ ನಮಗೆ ತಿಳಿದಿರಲಿಲ್ಲ. ಚಿಕ್ಕಮ್ಮ ಅದನ್ನು ಪೆಟ್ರೋಲಿನ ಲೆಕ್ಕ ಅಂದುಕೊಂಡಿದ್ದರಂತೆ.

‘ಅಚ್ಚಬಣ್ಣದ ಸ್ಲೈಡ್ ಫಿಲ್ಮ್’ ಅಂತ ಕಳಿಸುತ್ತಿದ್ದೇನೆ. ಸಂಧಿ ಮಾಡುವುದಿಲ್ಲ. ಸ್ಲೈಡನ್ನು ಬಿಡುವುದಿಲ್ಲ. ಹಳಗನ್ನಡಿಗ ಸರ್, ಬೇಜಾರು ಬೇಡ.

ಕರಡುತಿದ್ದುವವ:

ಕರಡನ್ನು ಒಮ್ಮೆ ತರಿಸಿಕೊಂಡು ನೋಡಿ. ಫ್ಲೆಕ್ಸ್ ಅಂಗಡಿಯವರಿಗೆ ‘ಅಚ್ಚು’ ಗೊತ್ತು, ‘ಅಚ್ಚ’ ಗೊತ್ತಿರಲಿಕ್ಕಿಲ್ಲ.

ತೀರ್ಥಹಳ್ಳಿಯವಳು:

ನಿಮ್ಮ ಮೇಲ್ ನೋಡಿದ್ದು ಫಲಕ ಮನೆಗೆ ಬಂದ ಮೇಲೆ. ‘ಅಚ್ಚುಬಣ್ಣದ ಸ್ಲೈಡ್ ಫಿಲ್ಮ್’ ಅಂತಲೇ ಇದೆ. ‘ತಪ್ಪಿತ್ತು ಮೇಡಂ, ನಾವೇ ಸರಿ ಮಾಡಿದ್ವಿ’ ಅಂದರು. ಈಗ ಚಿಕ್ಕಪ್ಪ ಬ್ಲೇಡ್ ಹಿಡಿದು ಕೊಂಬು ಕೆರೆಯುತ್ತಾ ಕೂತಿದ್ದಾರೆ.