ಮಕ್ಕಳು, ಅಜ್ಜಿ, ತಾತ ಇರುವ ಮನೆಯಲ್ಲಿ ಓಪನ್ ಹೌಸ್

ಎಲ್ಲರಿಗೂ ನಮಸ್ಕಾರ. ಕ್ಯಾಲಿಫೋರ್ನಿಯಾದ ಫ್ರಿಮಾಂಟ್‌ನಲ್ಲಿರುವ ಮನೆ ಮಾರಿ ಬೆಂಗಳೂರಿಗೆ ವಾಪಸ್ ಹೊರಟಿರುವ ಒಬ್ಬರು ಇಲ್ಲಿ ಕೇಳಿದ್ದರು: ಮನೆಯಲ್ಲಿ ಇಬ್ಬರು ಮಕ್ಕಳು, ಊರಿಂದ ಬಂದ ಅಪ್ಪ ಅಮ್ಮ, ಇಷ್ಟು ಜನ ಇರುವಾಗ ಓಪನ್ ಹೌಸ್ ಇಡುವುದು ಹೇಗೆ, ಇಡಲೇಬೇಕಾ ಅಂತ. ಓಪನ್ ಹೌಸ್ ಅಂದರೆ ಮಾರಾಟಕ್ಕಿರುವ ಮನೆಯನ್ನು ಗೊತ್ತಾದ ಹೊತ್ತಿನಲ್ಲಿ ಯಾರು ಬೇಕಾದರೂ ಬಂದು ನೋಡಲು ತೆರೆದಿಡುವುದು. ನಾವು ಹೋದ ವರ್ಷ ಇದೇ ಊರಿನಲ್ಲಿ ಮನೆ ಮಾರಿದೆವು. ಪೇಂಟ್, ಕಾರ್ಪೆಟ್, ಗಿಡಗಳ ಬಗ್ಗೆ ಏಜೆಂಟ್ ಹೇಗೂ ಹೇಳುತ್ತಾರೆ. ಮನೆಯವರ ಪಾಡು ಏನು ಅನ್ನುವುದನ್ನು ಮಾತ್ರ ನಾನು ಬರೆಯುತ್ತೇನೆ.

ಓಪನ್ ಹೌಸ್ ಇಡಲೇಬೇಕು ಅಂತ ಯಾವ ಕಾನೂನೂ ಇಲ್ಲ. ಆದರೆ ಇಲ್ಲಿನ ಸ್ಯಾನ್ ಫ್ರಾನ್ಸಿಸ್ಕೋ ಬೇ ಏರಿಯಾದಲ್ಲಿ ಅದು ರೂಢಿ. ವಾರದ ನಡುವೆ ಲಿಸ್ಟಿಂಗ್ (ಮನೆ ಮಾರಾಟಕ್ಕಿದೆ ಅಂತ ಆನ್‌ಲೈನ್‌ನಲ್ಲಿ ಹಾಕುವುದು), ಶನಿವಾರ ಭಾನುವಾರ ಮಧ್ಯಾಹ್ನ ಓಪನ್ ಹೌಸ್, ಮುಂದಿನ ವಾರ ಆಫರ್‌ಗಳನ್ನು ನೋಡಲು ಒಂದು ದಿನ. ಮಕ್ಕಳಿರುವ ಮನೆಗೆ ಇದೇ ಒಳ್ಳೆಯದು ಅಂತ ನನ್ನ ಅಭಿಪ್ರಾಯ. ಜನ ಎರಡು ಮಧ್ಯಾಹ್ನ ಒಟ್ಟಿಗೆ ಬಂದು ಹೋದರೆ, ವಾರದ ದಿನ ಹೋಮ್‌ವರ್ಕ್ ಹೊತ್ತಿಗೆ ಯಾರೋ ಬರುತ್ತಾರೆ ಅಂತ ಎಲ್ಲರೂ ಮನೆ ಬಿಟ್ಟು ಓಡುವುದು ಕಡಿಮೆಯಾಗುತ್ತದೆ. ಇನ್ನೊಂದು ವಿಷಯ. 2024ರ ಆಗಸ್ಟ್‌ನಿಂದ, ಕೊಳ್ಳುವವರು ಏಜೆಂಟ್ ಜೊತೆ ಮನೆ ನೋಡಲು ಹೋಗುವ ಮೊದಲೇ ಅವರೊಂದಿಗೆ ಲಿಖಿತ ಒಪ್ಪಂದ ಮಾಡಿಕೊಳ್ಳಬೇಕು. ಓಪನ್ ಹೌಸ್‌ಗೆ ತಾವಾಗಿಯೇ ಬರುವವರಿಗೆ ಅದು ಬೇಕಿಲ್ಲ. ಇನ್ನೂ ಏಜೆಂಟ್ ಹಿಡಿಯದವರೂ ಆರಾಮಾಗಿ ಬಂದು ನೋಡುತ್ತಾರೆ. ಏಜೆಂಟ್‌ಗಳಿಗೂ ಅಲ್ಲಿ ಹೊಸ ಗಿರಾಕಿಗಳು ಸಿಗುತ್ತಾರೆ. ಹಾಗಾಗಿ ಆ ದಿನ ನಿಮ್ಮ ಏಜೆಂಟೇ ಬಂದು ನಿಲ್ಲುತ್ತಾರಾ, ಬೇರೆಯವರನ್ನು ಕಳಿಸುತ್ತಾರಾ ಅಂತ ಮೊದಲೇ ಕೇಳಿ.

ಈಗ ಮಕ್ಕಳ ವಿಷಯ. ಅಂಗಳದಲ್ಲಿ ಬೋರ್ಡ್ ನೆಡುವ ಮೊದಲೇ ಅವರಿಗೆ ಹೇಳಿ. ಇದನ್ನು ಒತ್ತಿ ಹೇಳುತ್ತೇನೆ. ಮಾರಾಟದ ಮನೆಗಳನ್ನು ತೋರಿಸುವ ಜಿಲ್ಲೋ ವೆಬ್‌ಸೈಟ್ ನೋಡದ ಅಪ್ಪ ಅಮ್ಮಂದಿರು ಇಲ್ಲಿ ಕಡಿಮೆ. ಲಿಸ್ಟಿಂಗ್ ಬಂದ ಮರುದಿನವೇ ಕ್ಲಾಸಿನಲ್ಲಿ ಯಾರಾದರೂ "ನೀವು ಮನೆ ಬಿಡ್ತೀರಂತೆ?" ಅಂತ ಕೇಳುತ್ತಾರೆ. ಆ ಮಾತು ಮಗುವಿನ ಕಿವಿಗೆ ಮೊದಲು ಹೊರಗಿನಿಂದ ಬೀಳಬಾರದು. ವಾಪಸ್ ಇಂಡಿಯಾಗೆ ಹೋಗುವವರ ಮಕ್ಕಳಿಗಂತೂ ಇದು ಮನೆ ಒಂದೇ ಅಲ್ಲ, ಸ್ಕೂಲು, ಗೆಳೆಯರು, ಊರು, ಎಲ್ಲ ಒಟ್ಟಿಗೆ ಬಿಡುವ ಸುದ್ದಿ.

ಫೋಟೋ ತೆಗೆಸುವ ಮುಂಚೆ ಮಕ್ಕಳ ರೂಮನ್ನು ನೀವೇ ಒಮ್ಮೆ ನೋಡಿ. ಗೋಡೆ ಮೇಲಿನ ಹೆಸರು, ಟ್ರೋಫಿ, ಸ್ಕೂಲಿನ ಸರ್ಟಿಫಿಕೇಟ್, ಸಾಕರ್ ಟೀಮಿನ ಫೋಟೋ ಇವೆಲ್ಲ ತೆಗೆದಿಡಿ. ಮನೆ ಮಾರಿದ ಮೇಲೂ ಆ ಫೋಟೋಗಳು ಆನ್‌ಲೈನ್‌ನಲ್ಲಿ ಉಳಿದುಬಿಡುತ್ತವೆ. ಎಸ್ಕ್ರೋ (ಹಣ, ಕಾಗದಪತ್ರ ಕೈಬದಲಾಗಿ ಮಾರಾಟ ಪೂರ್ತಿಯಾಗುವ ಹಂತ) ಮುಗಿದ ಮೇಲೆ ತೆಗೆಸಿಕೊಡಿ ಅಂತ ಏಜೆಂಟ್‌ಗೆ ಹೇಳಿಡಿ.

ಇನ್ನು ದೇವರ ಮನೆ. ನಮ್ಮ ಏಜೆಂಟ್ ಪಟಗಳನ್ನೆಲ್ಲ ತೆಗೆಯಿರಿ ಅಂದಾಗ ಮಗಳು ಕೇಳಿದಳು, "ನಮ್ಮ ದೇವರನ್ನ ಯಾಕೆ ಬಚ್ಚಿಡಬೇಕು?" ಇಲ್ಲಿ ಬೆಳೆಯುವ ಮಕ್ಕಳು ಇಂಥದ್ದನ್ನು ಕೇಳಿಯೇ ಕೇಳುತ್ತಾರೆ. ಆಗ ಸರಿಯಾದ ಉತ್ತರ ಕೊಡಬೇಕು. "ಬಂದವರು ತಮ್ಮ ಸಾಮಾನು ಇಲ್ಲಿ ಎಲ್ಲಿಡಬಹುದು ಅಂತ ನೋಡಬೇಕು, ಅದಕ್ಕೇ ನಮ್ಮ ಫೋಟೋ, ಪುಸ್ತಕ, ನಿನ್ನ ಆಟಿಕೆ ಎಲ್ಲ ಪ್ಯಾಕ್ ಆಗಿವೆ, ದೇವರೂ ನಮ್ಮ ಜೊತೆ ಹೊರಟಿದ್ದಾನೆ" ಅಂದೆವು. ಪೂಜೆ ಮಾಡಿ, ವಿಗ್ರಹಗಳನ್ನು ಅವಳ ಕೈಯಲ್ಲೇ ಬಟ್ಟೆ ಸುತ್ತಿಸಿ ಪೆಟ್ಟಿಗೆಗೆ ಇಡಿಸಿದೆವು. ನಿಮಗೆ ತೆಗೆಯಲು ಮನಸ್ಸಿಲ್ಲದಿದ್ದರೆ ಬಿಡಿ. ಆ ಬಾಗಿಲು ಮುಚ್ಚಿದ್ದರೂ ಮನೆ ಮಾರಾಟವಾಗುತ್ತದೆ.

ಅಡುಗೆ ವಾಸನೆಯ ಮಾತೂ ಹೀಗೆಯೇ. "ಇಂಡಿಯನ್ ಸ್ಮೆಲ್ ಬರಬಾರದು" ಅಂತ ಮಕ್ಕಳ ಮುಂದೆ ದಯವಿಟ್ಟು ಆಡಬೇಡಿ. ಲಂಚ್ ಬಾಕ್ಸ್ ತೆರೆಯಲು ಹಿಂಜರಿಯುವ ವಯಸ್ಸಿನ ಮಕ್ಕಳು ಅವು. ನಾಯಿ ಇರುವ ಮನೆ, ಸಿಗರೇಟ್ ಸೇದುವವರ ಮನೆ, ಎಲ್ಲದಕ್ಕೂ ಒಂದು ವಾಸನೆ ಇರುತ್ತದೆ, ಮಾರುವಾಗ ಎಲ್ಲರೂ ತೊಳೆಯುತ್ತಾರೆ, ಅಷ್ಟೇ. ಕರ್ಟನ್ ಒಗೆಯಿರಿ, ಒಲೆ ಮೇಲಿನ ಹುಡ್‌ನ ಫಿಲ್ಟರ್ ಬದಲಾಯಿಸಿ, ಆ ವಾರದ ಕೊನೆಗೆ ಕರಿಯುವುದು, ಇಂಗಿನ ಒಗ್ಗರಣೆ ಬೇಡ. ಮೊಸರನ್ನ, ನೆನೆಸಿದ ಅವಲಕ್ಕಿಯಲ್ಲಿ ಎರಡು ದಿನ ಕಳೆಯಬಹುದು. ಏರ್ ಫ್ರೆಶ್ನರ್ ಜಾಸ್ತಿ ಹೊಡೆದರೆ ಏನೋ ಮುಚ್ಚಿಡುತ್ತಿದ್ದಾರೆ ಅಂತ ಬಂದವರಿಗೆ ಅನುಮಾನ ಬರುತ್ತದೆ.

ನಮ್ಮ ಅತ್ತೆಗೆ ಬೇರೆಯೇ ಚಿಂತೆ. "ಗುರುತು ಪರಿಚಯ ಇಲ್ಲದವರನ್ನ ಒಳಗೆ ಬಿಟ್ಟು ನಾವೇ ಹೊರಗೆ ಹೋಗೋದಾ?" ಅಂದರು. ಹೌದು, ಹೊರಡಲೇಬೇಕು. ದೊಡ್ಡವರನ್ನು ರೂಮಿನಲ್ಲಿ ಕೂರಿಸಬೇಡಿ. ಬಂದವರು ಆ ರೂಮನ್ನು ಸರಿಯಾಗಿ ನೋಡುವುದಿಲ್ಲ, ಇವರಿಗೂ ಹಿಂಸೆ. ಮಧ್ಯಾಹ್ನ ಮಲಗುವ ಅಭ್ಯಾಸ ಇರುವವರನ್ನು ಮಾಲ್ ಸುತ್ತಿಸುವುದೂ ಬೇಡ, ಸ್ನೇಹಿತರ ಮನೆಗೆ ಕರೆದುಕೊಂಡು ಹೋಗಿ. ಹೊರಡುವಾಗ ಪಾಸ್‌ಪೋರ್ಟ್, ವೀಸಾ ಕಾಗದ, ಚಿನ್ನ ಜೊತೆಗೇ ಇರಲಿ. ಬಿಪಿ, ಶುಗರ್ ಮಾತ್ರೆಗಳನ್ನೂ ಬಾತ್‌ರೂಮಿನ ಕಪಾಟಿನಲ್ಲಿ ಬಿಡಬೇಡಿ.

ಮನೆಯೊಳಗಿನ ಕ್ಯಾಮೆರಾ ಇದ್ದರೆ ಅದರ ಮೈಕ್ ಆಫ್ ಮಾಡಿ. ಕ್ಯಾಲಿಫೋರ್ನಿಯಾದಲ್ಲಿ ಖಾಸಗಿ ಮಾತನ್ನು ರೆಕಾರ್ಡ್ ಮಾಡಲು ಮಾತಾಡುವವರೆಲ್ಲರ ಒಪ್ಪಿಗೆ ಬೇಕು. ಏನು ಬೆಲೆ ಹೇಳುತ್ತಾರೆ ಅಂತ ಕದ್ದು ಕೇಳುವ ಆಸೆ ಬೇಡ.

ಮನೆಯವರು ಅಲ್ಲಿ ಇರಬಾರದು ಅನ್ನಲು ಇನ್ನೂ ದೊಡ್ಡ ಕಾರಣ ಇದೆ. ಬಂದವರು ಕನ್ನಡದವರಾದರೆ "ಈ ಬೀದಿಯಲ್ಲಿ ನಮ್ಮವರೇ ಜಾಸ್ತಿ" ಅಂತ ನಮ್ಮ ಬಾಯಲ್ಲಿ ಬಂದೇ ಬರುತ್ತದೆ. 1968ರ ಫೇರ್ ಹೌಸಿಂಗ್ ಆಕ್ಟ್ ಪ್ರಕಾರ ಜನಾಂಗ, ಧರ್ಮ, ಮೂಲದೇಶ ನೋಡಿ ಮನೆ ಮಾರುವಂತಿಲ್ಲ, ಜಾಹೀರಾತಿನಲ್ಲಿ ಹಾಗೆ ಬರೆಯುವಂತೆಯೂ ಇಲ್ಲ. ಮಕ್ಕಳಿರುವ ಕುಟುಂಬಗಳಿಗೆ 1988ರಲ್ಲಿ ಇದೇ ಕಾನೂನಿನ ರಕ್ಷಣೆ ಸಿಕ್ಕಿತು. ನಮ್ಮ ವಾಟ್ಸಾಪ್ ಗುಂಪುಗಳಲ್ಲಿ "ಇಂಡಿಯನ್ ಫ್ಯಾಮಿಲಿಗೆ ಆದ್ಯತೆ" ಅಂತ ಹಾಕುವವರು ಇದನ್ನು ನಿಲ್ಲಿಸಬೇಕು. ಹೊಸದಾಗಿ ಬಂದ ನಮಗೆ ಬೇಕಾದ ಬೀದಿಯಲ್ಲಿ ಮನೆ ಕೊಳ್ಳಲು ಸಾಧ್ಯವಾಗಿದ್ದು ಈ ಕಾನೂನಿನ ಬಲದಿಂದ. ಕೊಳ್ಳುವವರು ಕುಟುಂಬದ ಫೋಟೋ ಹಾಕಿ ಪತ್ರ ಬರೆದರೆ ಏಜೆಂಟ್‌ಗಳು ಬೇಡ ಅನ್ನುವುದೂ ಇದಕ್ಕೇ. ಬೆಲೆ ಮತ್ತು ಷರತ್ತು ನೋಡಿ ನಿರ್ಧಾರ ಮಾಡಿ.

ವಾಪಸ್ ಹೋಗುವವರಿಗೆ ತೆರಿಗೆಯ ಮಾತು. ಕಳೆದ 5 ವರ್ಷಗಳಲ್ಲಿ 2 ವರ್ಷ ನಿಮ್ಮದೇ ಆಗಿದ್ದು, ನೀವೇ ವಾಸವಿದ್ದ ಮನೆಯಾದರೆ, ಗಂಡ ಹೆಂಡತಿ ಒಟ್ಟಿಗೆ ರಿಟರ್ನ್ ಹಾಕುವಾಗ 5,00,000 ಡಾಲರ್ ಲಾಭದವರೆಗೆ ಫೆಡರಲ್ ತೆರಿಗೆ ಇಲ್ಲ. ಒಬ್ಬರೇ ಆದರೆ 2,50,000. ಈಗ ಬಾಡಿಗೆಗೆ ಕೊಟ್ಟು ಮುಂದೆ ನೋಡೋಣ ಅಂತ ಹೋಗಿ 3 ವರ್ಷ ದಾಟಿದರೆ ಈ ಅವಕಾಶ ಕೈತಪ್ಪುತ್ತದೆ. ಜೊತೆಗೆ, ಇಂಡಿಯಾಗೆ ಹೋಗಿ ಇಲ್ಲಿನ ತೆರಿಗೆ ಲೆಕ್ಕದಲ್ಲಿ ಅನಿವಾಸಿಗಳಾದ ಮೇಲೆ ಮಾರಿದರೆ ಫಿರ್ಪ್ಟಾ (ವಿದೇಶಿಯರು ಇಲ್ಲಿನ ಆಸ್ತಿ ಮಾರುವಾಗಿನ ತೆರಿಗೆ ಕಾನೂನು) ಅನ್ವಯಿಸುತ್ತದೆ. 10 ಲಕ್ಷ ಡಾಲರ್ ಮೀರಿದ ಮನೆಯಾದರೆ ಕೊಳ್ಳುವವರು ಬೆಲೆಯ 15% ಹಿಡಿದು ಅಮೆರಿಕದ ತೆರಿಗೆ ಇಲಾಖೆ ಐಆರ್‌ಎಸ್‌ಗೆ ಕಟ್ಟಬೇಕು. ಲಾಭದ ಮೇಲೆ ಅಲ್ಲ, ಪೂರ್ತಿ ಬೆಲೆಯ ಮೇಲೆ. ಹೆಚ್ಚು ಹೋದ ಹಣ ರಿಟರ್ನ್ ಹಾಕಿದರೆ ವಾಪಸ್ ಬರುತ್ತದೆ, ಆದರೆ ಕಾಯಬೇಕು. ಹೊರಡುವ ಮೊದಲೇ ಮಾರುವುದು ವಾಸಿ. ನಿಮ್ಮ ಸಿಪಿಎ (ತೆರಿಗೆ ಲೆಕ್ಕ ನೋಡುವ ಅಕೌಂಟೆಂಟ್) ಹತ್ತಿರ ದಿನಾಂಕಗಳನ್ನು ಇಟ್ಟುಕೊಂಡು ಮಾತಾಡಿ.

ಮಕ್ಕಳ ಸ್ಕೂಲು ಮಧ್ಯದಲ್ಲಿ ಬಿಡಿಸಬೇಕಾ ಅಂತಲೂ ಕೇಳಿದ್ದಿರಿ. ಬೇಕಿಲ್ಲ. ಆಫರ್ ಒಪ್ಪುವಾಗಲೇ ರೆಂಟ್ ಬ್ಯಾಕ್ ಕೇಳಿ. ಮನೆ ಕೊಂಡವರ ಹೆಸರಿಗೆ ಆದ ಮೇಲೂ ಬಾಡಿಗೆ ಕೊಟ್ಟು ಕೆಲವು ವಾರ ನೀವೇ ಇರಬಹುದು. ಸಾಲ ಮಾಡಿ ಕೊಳ್ಳುವವರು ಸಾಮಾನ್ಯವಾಗಿ 60 ದಿನದೊಳಗೆ ಬಂದು ವಾಸ ಶುರು ಮಾಡಬೇಕಾದ್ದರಿಂದ ಅದಕ್ಕಿಂತ ಜಾಸ್ತಿ ಸಿಗುವುದು ಕಷ್ಟ. ಏಪ್ರಿಲ್‌ನಲ್ಲಿ ಓಪನ್ ಹೌಸ್ ಇಟ್ಟು, ಮೇ ತಿಂಗಳಲ್ಲಿ ಎಸ್ಕ್ರೋ ಮುಗಿದರೆ, ಜೂನ್‌ನಲ್ಲಿ ಸ್ಕೂಲು ಮುಗಿಯುವವರೆಗೂ ಮಕ್ಕಳು ಅದೇ ಮನೆಯಲ್ಲಿ ಇರಬಹುದು.