ಪದಚರ್ಚೆ: ಟಿವಿ ಲೋಗೋ, ಮೂಲೆ ಲೋಗೋ, ಐಡೆಂಟ್, ಆಸ್ಟನ್ – ಎಲ್ಲಕ್ಕೂ ‘ಲಾಂಛನ’ ಸಾಕೇ?

ಪ್ರಶ್ನೆ:

ನಮಸ್ಕಾರ. ಈಟಿವಿ ಕನ್ನಡ 2015ರಲ್ಲಿ ಕಲರ್ಸ್ ಕನ್ನಡವಾಯಿತು, ಮರುವರ್ಷ ಸುವರ್ಣ ವಾಹಿನಿ ಸ್ಟಾರ್ ಸುವರ್ಣವಾಯಿತು. ಇಂಥ ಬದಲಾವಣೆಗಳ ಬಗ್ಗೆ ಬರೆಯುವಾಗ ವಾಹಿನಿಯ ಲೋಗೋ, ಪರದೆಯ ಮೂಲೆಯಲ್ಲಿ ಸದಾ ಇರುವ ಲೋಗೋ, ಕಾರ್ಯಕ್ರಮಗಳ ನಡುವೆ ವಾಹಿನಿಯ ಗುರುತಾಗಿ ಬರುವ ತುಣುಕು (ಐಡೆಂಟ್), ಕೆಳಗಡೆ ಹೆಸರು ತೋರಿಸುವ ಪಟ್ಟಿ ಎಲ್ಲಕ್ಕೂ ‘ಲಾಂಛನ’ ಎಂದೇ ಬರೆದರೆ ಯಾವುದು ಯಾವುದೆಂದು ತಿಳಿಯುವುದಿಲ್ಲ. ಚಾನೆಲ್‌ನವರು ಏನೆನ್ನುತ್ತಾರೆ? ‘ರೀಬ್ರ್ಯಾಂಡಿಂಗ್’ಗೆ ಮರುನಾಮಕರಣ ಎನ್ನಬಹುದೇ?

ಉತ್ತರ:

ಕೊನೆಯ ಪ್ರಶ್ನೆಯಿಂದಲೇ ಶುರು ಮಾಡುತ್ತೇನೆ, ಹೆಚ್ಚು ತಪ್ಪಾಗುವುದು ಅಲ್ಲೇ. ಹೆಸರು ಬದಲಾದರೆ ಮಾತ್ರ ಮರುನಾಮಕರಣ. ಈಟಿವಿ ಕನ್ನಡ ಕಲರ್ಸ್ ಕನ್ನಡವಾದದ್ದು ಮರುನಾಮಕರಣ. 2024ರ ಏಪ್ರಿಲ್‌ನಲ್ಲಿ ಡಿಡಿ ನ್ಯೂಸ್ ಲೋಗೋ ಕೆಂಪಿನಿಂದ ಕೇಸರಿಗೆ ತಿರುಗಿದ್ದು ಲೋಗೋ ಬದಲಾವಣೆ, ಹೆಸರು ಹಾಗೇ ಇತ್ತು. ಪಟ್ಟಿ, ಅಕ್ಷರ, ಸಂಗೀತ, ಪ್ರೋಮೋ ಎಲ್ಲ ಬದಲಾದರೆ ‘ಹೊಸ ರೂಪ’ ಅನ್ನಿ, ಸಾಕು. ಹೆಸರು ಅಥವಾ ಲೋಗೋ ಬದಲಿಸಲು ವಾರ್ತಾ ಮತ್ತು ಪ್ರಸಾರ ಸಚಿವಾಲಯದ ಅನುಮತಿ ಬೇಕು. ಕೆಳಗಿನ ಪಟ್ಟಿಯ ವಿನ್ಯಾಸವನ್ನು ವಾಹಿನಿಯವರು ತಮಗೆ ಬೇಕಾದಾಗ ಬದಲಿಸಿಕೊಳ್ಳಬಹುದು. ಹಾಗಾಗಿ ಈ ಮೂರನ್ನೂ ಒಂದೇ ಪದದಲ್ಲಿ ಹೇಳಿದರೆ ಮಾಹಿತಿಯೇ ತಪ್ಪಾಗುತ್ತದೆ.

ಲಾಂಛನ ಎಂದ ಕೂಡಲೇ ಗಂಡಭೇರುಂಡದ ರಾಜ್ಯ ಲಾಂಛನವೋ ಸಾಹಿತ್ಯ ಸಮ್ಮೇಳನದ ಲಾಂಛನವೋ ನೆನಪಾಗುತ್ತದೆ. ‘ಚಿಹ್ನೆ’ ಚುನಾವಣೆಗೂ ಲೇಖನ ಚಿಹ್ನೆಗೂ ಮೀಸಲಾಗಿಬಿಟ್ಟಿದೆ. ‘ಲೋಗೋ’ ಕನ್ನಡದ ಪ್ರತ್ಯಯಗಳನ್ನು ಸಲೀಸಾಗಿ ಹಚ್ಚಿಕೊಳ್ಳುತ್ತದೆ: ಲೋಗೋದ, ಲೋಗೋದಲ್ಲಿ, ಲೋಗೋಗಳು. ಅದನ್ನೇ ಇಟ್ಟುಕೊಳ್ಳಿ. ‘ಲೋಗೊ’ ಎಂಬ ಹ್ರಸ್ವ ರೂಪವೂ ಪತ್ರಿಕೆಗಳಲ್ಲಿದೆ, ಒಂದು ಬರಹದಲ್ಲಿ ಒಂದನ್ನೇ ಬಳಸಿದರಾಯಿತು.

ಮೂಲೆಯಲ್ಲಿರುವುದಕ್ಕೆ ತಂತ್ರಜ್ಞರ ಪುಸ್ತಕದಲ್ಲಿ ‘ಬಗ್’ ಎಂದಿರುತ್ತದೆ. ಬರಹದಲ್ಲಿ ‘ಮೂಲೆ ಲೋಗೋ’ ಎನ್ನುವುದೇ ನನ್ನ ಆಯ್ಕೆ. ಇದಕ್ಕೆ ಬೇರೆ ಹೆಸರು ಯಾಕೆ ಬೇಕೆಂದರೆ, ಇದು ಕಾರ್ಯಕ್ರಮದ ಭಾಗವೇ ಅಲ್ಲ. ಧಾರಾವಾಹಿಯ ಕಂತು ಲೋಗೋ ಇಲ್ಲದೆ ಬರುತ್ತದೆ. ಪ್ರಸಾರದ ಕೊನೇ ಹಂತದಲ್ಲಿ, ಎಂಸಿಆರ್‌ನಲ್ಲಿ (ಮಾಸ್ಟರ್ ಕಂಟ್ರೋಲ್ ರೂಮ್, ಅಂದರೆ ಪ್ರಸಾರ ನಿಯಂತ್ರಣ ಕೊಠಡಿ), ಅದರ ಮೇಲೆ ಲೋಗೋ ಕೂರಿಸುತ್ತಾರೆ. ಹೆಸರು ಬದಲಾದ ದಿನ ಇಲ್ಲಿ ಒಂದು ಫೈಲ್ ಬದಲಿಸಿದರೆ ಇಡೀ ದಿನದ ಪ್ರಸಾರಕ್ಕೆ ಹೊಸ ಲೋಗೋ ಬಂತು. ಆದರೆ ಹಳೇ ಕಂತಿನ ಟೈಟಲ್ ಕಾರ್ಡ್‌ನೊಳಗೆ ಸೇರಿಹೋದ ಹಳೇ ಲೋಗೋ ಹೋಗಬೇಕಾದರೆ ಆ ಕಂತನ್ನು ಮತ್ತೆ ಎಡಿಟ್ ಮಾಡಬೇಕು. ಮರುಪ್ರಸಾರದಲ್ಲಿ ಮೂಲೆಯಲ್ಲಿ ಹೊಸದು, ಟೈಟಲ್‌ನಲ್ಲಿ ಹಳೇದು ಒಟ್ಟಿಗೆ ಕಾಣುವುದು ಇದೇ ಕಾರಣಕ್ಕೆ.

ಜಾಗದ ಲೆಕ್ಕವೂ ಇದೆ. 1920×1080 ಚೌಕಟ್ಟಿನಲ್ಲಿ ಅಂಚಿನಿಂದ 5% ಬಿಡುವುದು ರೂಢಿ: ಪಕ್ಕದಲ್ಲಿ 96 ಪಿಕ್ಸೆಲ್, ಮೇಲೆ 54. ಅದೇ ಚಿತ್ರವನ್ನು ಹಳೇ 4:3 ಟಿವಿಗೆ ನಡುಭಾಗ ಮಾತ್ರ ಕತ್ತರಿಸಿ ಕೊಟ್ಟರೆ ಎಡಬಲಕ್ಕೆ 240 ಪಿಕ್ಸೆಲ್‌ಗಳಂತೆ ಹೋಗುತ್ತದೆ, 96ರಲ್ಲಿ ಕೂರಿಸಿದ ಲೋಗೋ ತುಂಡಾಗುತ್ತದೆ. ಕೆಲವು ವಾಹಿನಿಗಳ ಲೋಗೋ ಅಗಲ ಪರದೆಯಲ್ಲಿ ಮೂಲೆ ಬಿಟ್ಟು ಒಳಗೆ ಸರಿದಂತೆ ಕಾಣುತ್ತಿದ್ದುದು ಇದರಿಂದ.

ಐಡೆಂಟ್‌ಗೆ ಎಲ್ಲರಿಗೂ ಗೊತ್ತಿರುವ ಉದಾಹರಣೆ ದೂರದರ್ಶನ. ಆಕಾಶವಾಣಿಯಿಂದ ಬೇರೆಯಾದ 1976ರಲ್ಲಿ ಬಂದ ಕಣ್ಣಿನ ಲೋಗೋ ಅಹಮದಾಬಾದಿನ ರಾಷ್ಟ್ರೀಯ ವಿನ್ಯಾಸ ಸಂಸ್ಥೆಯ ದೇವಾಶಿಸ್ ಭಟ್ಟಾಚಾರ್ಯ ಅವರದು. ಎರಡು ಬಾಗುಗಳು ಸುತ್ತುತ್ತಾ ಬಂದು ನಡುವಿನ ಗೋಲದ ಎರಡು ಕಡೆ ನಿಂತು ಕಣ್ಣಾಗುವ ಆ ಚಲನೆಯೂ ರಾಗವೂ ಸೇರಿದ್ದು ಐಡೆಂಟ್. ಕೊನೆಗೆ ನಿಲ್ಲುವ ಚಿತ್ರ ಮಾತ್ರ ಲೋಗೋ. ಐಡೆಂಟ್‌ಗೆ ‘ಗುರುತು ಚಿತ್ರಿಕೆ’ ಹೊಂದುತ್ತದೆ. ರಾಗಕ್ಕೆ ‘ಸಿಗ್ನೇಚರ್ ಟ್ಯೂನ್’ ಜನರ ಬಾಯಲ್ಲೇ ಇದೆ. ‘ಮಾಂಟಾಜ್’ ಎಂದು ಬರೆಯಬೇಡಿ, ನ್ಯೂಸ್‌ರೂಮಿನಲ್ಲಿ ಅದು ಒಂದು ಕಾರ್ಯಕ್ರಮದ ಆರಂಭದ ತುಣುಕು. ಟ್ಯಾಗ್‌ಲೈನ್‌ಗೆ ಸಿನಿಮಾ ಪುಟಗಳು ಕೊಟ್ಟ ‘ಅಡಿಬರಹ’ ಸೊಗಸಾಗಿದೆ.

ಇನ್ನೊಂದು ಉತ್ತರ:

ಮೇಲಿನದಕ್ಕೆ ಒಪ್ಪಿಗೆ. ಕೆಳಗಿನ ಪಟ್ಟಿಯ ಬಗ್ಗೆ ಮಾತ್ರ ಸೇರಿಸುತ್ತೇನೆ. ಅದನ್ನು ‘ಆಸ್ಟನ್’ ಅನ್ನುತ್ತಾರೆ. ಪರದೆ ಮೇಲೆ ಅಕ್ಷರ ಮೂಡಿಸುವ ಯಂತ್ರ ತಯಾರಿಸುತ್ತಿದ್ದ ಬ್ರಿಟಿಷ್ ಕಂಪನಿಯ ಹೆಸರು ಅದು. ಓದುಗರಿಗೆ ‘ಹೆಸರುಪಟ್ಟಿ’ ಎಂದರೆ ಮತದಾರರ ಪಟ್ಟಿ ನೆನಪಾದೀತು, ‘ಅಡಿಪಟ್ಟಿ’ ವಾಸಿ. ಓಡುವ ಸಾಲು ‘ಸ್ಕ್ರೋಲ್’, ಅದು ಬೇರೆ.

ಹೊಸ ರೂಪ ಬಂದಾಗ ಮೊದಲು ಕೆಡುವುದು ಈ ಅಡಿಪಟ್ಟಿ. ಇಂಗ್ಲಿಷ್ ದೊಡ್ಡಕ್ಷರದ ಎತ್ತರಕ್ಕೆ ಮಾಡಿದ ಪಟ್ಟಿಯಲ್ಲಿ ಕನ್ನಡ ಕೂರಿಸಿದರೆ ಒತ್ತಕ್ಷರಕ್ಕೆ ಜಾಗವಿರುವುದಿಲ್ಲ: ‘ಅಮ್ಮ’ ಹೋಗಿ ‘ಅಮ’, ‘ರಾಷ್ಟ್ರ’ ಹೋಗಿ ‘ರಾಷ’. ಅಕ್ಷರ ಕುಗ್ಗಿಸಿದರೆ ತಲಕಟ್ಟು ತೆಳ್ಳಗಾಗುತ್ತದೆ. 576 ಸಾಲಿನ ಇಂಟರ್‌ಲೇಸ್ ಚಿತ್ರದಲ್ಲಿ (ಬೆಸ ಸಾಲುಗಳನ್ನೂ ಸಮ ಸಾಲುಗಳನ್ನೂ ಒಂದಾದ ಮೇಲೊಂದು ತೋರಿಸುವ ಬಗೆ) ಒಂದೇ ಸಾಲಿನಷ್ಟು ತೆಳುವಾದ ಅಡ್ಡಗೆರೆ ಸೆಕೆಂಡಿಗೆ 25 ಸಲ ಮಿನುಗುತ್ತದೆ, ಕನಿಷ್ಠ ಎರಡು ಸಾಲು ದಪ್ಪ ಬೇಕು. ನಮ್ಮ ವಾಹಿನಿಗಳು ದಪ್ಪ ಅಕ್ಷರಕ್ಕೆ ಅಂಟಿಕೊಂಡದ್ದಕ್ಕೆ ಇದೂ ಒಂದು ಕಾರಣ. ಮಾದರಿ ನೋಡುವಾಗ ‘ಸುದ್ದಿ’ ಎಂದು ಬರೆದು ನೋಡಿದರೆ ಸಾಲದು. ‘ರಾಷ್ಟ್ರೋತ್ಥಾನ’ದಂಥ ಒತ್ತಿನ ಮೇಲೆ ಒತ್ತು ಬರುವ ಪದ ಹಾಕಿ ಪಟ್ಟಿಯ ಎತ್ತರ ನಿಗದಿ ಮಾಡಬೇಕು.