ಮಣ್ಣಿನ ಬ್ಯಾಕ್ಟೀರಿಯಾಕ್ಕೂ ರಕ್ತನಾಳಕ್ಕೂ ಏನು ಸಂಬಂಧ?

ಪ್ರಶ್ನೆ (ಕಾಫಿ ಬೆಳೆಗಾರ, ಮೂಡಿಗೆರೆ): ಮೇಡಂ, ನಮಸ್ಕಾರ. ಮೂತ್ರಪಿಂಡ ಕಸಿಯಾಗಿರುವ ನಮ್ಮ ಅಣ್ಣ, ಕಸಿಯಾದ ಅಂಗವನ್ನು ದೇಹ ತಿರಸ್ಕರಿಸದಿರಲೆಂದು ಸಿರೋಲಿಮಸ್ ಮಾತ್ರೆ ತೆಗೆದುಕೊಳ್ಳುತ್ತಿದ್ದಾರೆ. ಅದು ಮಣ್ಣಿನ ಬ್ಯಾಕ್ಟೀರಿಯಾದಿಂದ ಬಂದ ಔಷಧವೆಂದೂ, ಹೊಸ ರಕ್ತನಾಳಗಳ ಬೆಳವಣಿಗೆಯನ್ನು ತಗ್ಗಿಸುವುದರಿಂದ ಗಾಯ ಮಾಯಲು ತಡವಾಗಬಹುದೆಂದೂ ವೈದ್ಯರು ಹೇಳಿದರು. ಮಣ್ಣಿನ ಜೀವಿಗೂ ನಮ್ಮ ರಕ್ತನಾಳಕ್ಕೂ ಏನು ಸಂಬಂಧ? ರಕ್ತನಾಳ ಬೆಳೆಸುವ ವಸ್ತುವೂ ಮಣ್ಣಿನಲ್ಲಿದೆಯೇ?

ಉತ್ತರ (ಸೂಕ್ಷ್ಮಜೀವಿಶಾಸ್ತ್ರದ ಅಧ್ಯಾಪಕಿ, ಹಾಸನ): ವೈದ್ಯರು ಹೇಳಿದ್ದು ಸರಿ. 1964ರಲ್ಲಿ ಕೆನಡಾದ ತಂಡವೊಂದು ಈಸ್ಟರ್ ದ್ವೀಪದಿಂದ ತಂದ ಮಣ್ಣಿನಲ್ಲಿದ್ದ ಸ್ಟ್ರೆಪ್ಟೊಮೈಸಿಸ್ ಜಾತಿಯ ಬ್ಯಾಕ್ಟೀರಿಯಾದಿಂದ ಸುರೇಂದ್ರನಾಥ್ ಸೆಹಗಲ್ ಮತ್ತು ಸಂಗಡಿಗರು ಮಾಂಟ್ರಿಯಲ್‌ನಲ್ಲಿ ಇದನ್ನು ಬೇರ್ಪಡಿಸಿದರು. ಮೊದಲು ಗಮನ ಸೆಳೆದದ್ದು ಇದರ ಶಿಲೀಂಧ್ರನಾಶಕ ಗುಣ. ಮೂತ್ರಪಿಂಡ ಕಸಿಯಾದವರಿಗೆಂದು ಅಮೆರಿಕದಲ್ಲಿ ಅನುಮತಿ ದೊರೆತದ್ದು 1999ರಲ್ಲಿ. ಬ್ಯಾಕ್ಟೀರಿಯಾಕ್ಕೆ ರಕ್ತವೂ ಇಲ್ಲ, ನಾಳವೂ ಇಲ್ಲ. ಬಹುಶಃ ನೆರೆಯ ಶಿಲೀಂಧ್ರವನ್ನು ಹತ್ತಿಕ್ಕಲೆಂದು ಅದು ತಯಾರಿಸುವ ಈ ವಸ್ತು, ಜೀವಕೋಶದ ಬೆಳವಣಿಗೆಯನ್ನು ನಿಯಂತ್ರಿಸುವ ಟಾರ್ ಎಂಬ ಪ್ರೋಟೀನಿನ ಕೆಲಸವನ್ನು ತಡೆಯುತ್ತದೆ. ಅದೇ ಪ್ರೋಟೀನು ಯೀಸ್ಟಿನಿಂದ ಮನುಷ್ಯನವರೆಗೆ ಹೆಚ್ಚು ಬದಲಾಗದೆ ಉಳಿದುಬಂದಿರುವುದರಿಂದ ನಮ್ಮ ಜೀವಕೋಶಗಳಿಗೂ ಪೆಟ್ಟು ತಾಗುತ್ತದೆ. ಆಗ ರಕ್ತನಾಳಗಳಿಗೆ ಚಿಗುರಲು ಸೂಚನೆ ಕೊಡುವ ವಿಇಜಿಎಫ್ ಎಂಬ ಅಂಶ ಕಡಿಮೆಯಾಗುತ್ತದೆ.

ನಿಮ್ಮ ಎರಡನೆಯ ಪ್ರಶ್ನೆ ನನಗೆ ಹೆಚ್ಚು ಇಷ್ಟವಾಯಿತು. ನಮ್ಮ ಮಲೆನಾಡಿನ ಕೆಂಪು ಮಣ್ಣಿನಲ್ಲಿ ಕಬ್ಬಿಣಕ್ಕೆ ಬರವಿಲ್ಲ, ಆದರೆ ಬಹುಪಾಲು ತುಕ್ಕಿನ ರೂಪದಲ್ಲಿರುವುದರಿಂದ ನೀರಿನಲ್ಲಿ ಕರಗದು. ಅಂಥ ಕಬ್ಬಿಣವನ್ನು ಹಿಡಿದು ತರಲು ಸ್ಟ್ರೆಪ್ಟೊಮೈಸಿಸ್‌ಗಳು ಹೊರಬಿಡುವ ವಸ್ತುಗಳಲ್ಲೊಂದು ಡೆಫೆರಾಕ್ಸಮೈನ್. ಥಲಸ್ಸೀಮಿಯಾ ಎಂಬ ಆನುವಂಶಿಕ ರಕ್ತದ ಕಾಯಿಲೆಯವರಿಗೆ ಪದೇ ಪದೇ ರಕ್ತ ಕೊಟ್ಟಾಗ ದೇಹದಲ್ಲಿ ಶೇಖರವಾಗುವ ಕಬ್ಬಿಣವನ್ನು ತೆಗೆಯಲು ಇದನ್ನೇ ಬಳಸುತ್ತಾರೆ. ಆಮ್ಲಜನಕ ಸಾಕಷ್ಟಿರುವಾಗ ನಮ್ಮ ಜೀವಕೋಶವು ಎಚ್‌ಐಎಫ್ ಎಂಬ ಪ್ರೋಟೀನನ್ನು ನಾಶಮಾಡುತ್ತಿರುತ್ತದೆ. ಆ ಕೆಲಸದ ಕಿಣ್ವಕ್ಕೆ ಕಬ್ಬಿಣ ಬೇಕು. ಡೆಫೆರಾಕ್ಸಮೈನ್ ಆ ಕಬ್ಬಿಣವನ್ನು ಕಸಿದುಕೊಂಡರೆ ಎಚ್‌ಐಎಫ್ ಉಳಿದು, ಆಮ್ಲಜನಕ ಸಾಲದೆಂಬಂತೆ ಜೀವಕೋಶ ವರ್ತಿಸಿ, ವಿಇಜಿಎಫ್ ಹೆಚ್ಚಿಸುತ್ತದೆ. ಮಧುಮೇಹವಿರುವ ಇಲಿಗಳ ಗಾಯ ಇದರಿಂದ ಬೇಗ ಮಾಯ್ದಿದೆ. ಇಲಿಯ ಫಲಿತಾಂಶವನ್ನು ಮನುಷ್ಯರ ಚಿಕಿತ್ಸೆಯೆಂದು ಓದಬಾರದು, ಅಷ್ಟೆ.

ಮರುಪ್ರಶ್ನೆ: ಹಾಗಾದರೆ ನಮ್ಮ ತೋಟದ ಮಣ್ಣನ್ನೂ ಪರೀಕ್ಷಿಸಬಹುದೇ? ಕಾಲಿನ ಗಾಯಕ್ಕೆ ಮಣ್ಣು ಮೆತ್ತುವುದು ನಮ್ಮಲ್ಲಿ ಹಿಂದಿನಿಂದಲೂ ಇದೆ.

ಉತ್ತರ: ಪರೀಕ್ಷಿಸಬಹುದು. ಹೂಮಳೆ ಬಿದ್ದಾಗ ಏಳುವ ಮಣ್ಣಿನ ವಾಸನೆಗೆ ಕಾರಣವಾದ ಜಿಯೋಸ್ಮಿನ್ ಬಹುಮಟ್ಟಿಗೆ ಈ ಬ್ಯಾಕ್ಟೀರಿಯಾಗಳದ್ದೇ, ಅಂದರೆ ಅವು ನಿಮ್ಮ ತೋಟದಲ್ಲೂ ಧಾರಾಳವಾಗಿವೆ. ಮಣ್ಣನ್ನು ನೆರಳಲ್ಲಿ ಒಣಗಿಸಿ, ನೀರಿನಲ್ಲಿ ಕದಡಿ, ತೆಳುಮಾಡಿ, ಸೂಕ್ಷ್ಮಜೀವಿ ಬೆಳೆಸುವ ಅಗರ್ ತಟ್ಟೆಗೆ ಹಚ್ಚಿದರೆ ಕೆಲವು ದಿನಗಳಲ್ಲಿ ಸುಣ್ಣದ ಪುಡಿ ಉದುರಿಸಿದಂತಹ ಒಣ ಕಲೆಗಳು ಏಳುತ್ತವೆ. ಅವುಗಳ ಸಾರವನ್ನು, ಕಾವಿಗಿಟ್ಟ ಕೋಳಿಮೊಟ್ಟೆಯ ಚಿಪ್ಪಿನಲ್ಲಿ ಸಣ್ಣ ಕಿಂಡಿ ತೆರೆದು ಒಳಪೊರೆಯ ಮೇಲಿಟ್ಟು, ರಕ್ತನಾಳದ ಕೆಂಪು ಎಳೆಗಳು ಕವಲೊಡೆಯುತ್ತವೆಯೋ ಕುಂದುತ್ತವೆಯೋ ಎಂದು ನೋಡುವುದು ಹಳೆಯ ಕ್ರಮ. ಆದರೆ ಸಿಕ್ಕಿದ್ದರಲ್ಲಿ ಬಹುಪಾಲು ಈಗಾಗಲೇ ಗೊತ್ತಿರುವ ವಸ್ತುವೇ ಆಗಿರುತ್ತದೆ. ವಿದೇಶಿ ಕಂಪನಿ ಮಣ್ಣು ಕೇಳಿದರೆ ಎಚ್ಚರವಿರಲಿ. 2002ರ ಜೀವವೈವಿಧ್ಯ ಕಾಯ್ದೆಯಡಿ ಸೂಕ್ಷ್ಮಜೀವಿಗಳಿಗೂ ಅನುಮತಿ ಬೇಕು.

ಗಾಯಕ್ಕೆ ಮಣ್ಣು ಮೆತ್ತುವುದು ಮಾತ್ರ ಖಂಡಿತ ಬೇಡ, ಧನುರ್ವಾಯು ತರುವ ಬ್ಯಾಕ್ಟೀರಿಯಾದ ಬೀಜಾಣುಗಳೂ ಅಲ್ಲೇ ಇರುತ್ತವೆ. ಅಣ್ಣನವರ ರೋಗನಿರೋಧಕ ಶಕ್ತಿಯನ್ನು ಔಷಧವೇ ತಗ್ಗಿಸಿರುವುದರಿಂದ ಅವರು ತೋಟಕ್ಕೆ ಹೋಗುವಾಗ ಗಂಬೂಟು ಹಾಕಿಕೊಳ್ಳಲಿ. ಗಾಯ ಮಾಯುತ್ತಿಲ್ಲವೆಂದು ಮಾತ್ರೆಯನ್ನು ತಾವಾಗಿಯೇ ನಿಲ್ಲಿಸದೆ, ಕಸಿ ಮಾಡಿದ ವೈದ್ಯರಿಗೆ ತೋರಿಸಲಿ.